ಆಬ್ಜೆಕ್ಟ್ ಒಳಗಿನ ಲಾಜಿಕ್ ವೇರಿಯಬಲ್‌ಗೆ ಮೌಲ್ಯ ತುಂಬದಿದ್ದಾಗ: ನನ್ನ ಅನುಭವ

ದಾವಣಗೆರೆಯ ಮೆಕ್ಕೆಜೋಳದ ಲೆಕ್ಕಕ್ಕೆ ಪೈಥಾನ್‌ನಲ್ಲಿ 'ಚೀಲ' ಎಂಬ ಕ್ಲಾಸ್. ಅದರ ತೂಕದ ಜಾಗದಲ್ಲಿ ಲಾಜಿಕ್ ವೇರಿಯಬಲ್, ಅಂದರೆ ಮೌಲ್ಯ ಇನ್ನೂ ಗೊತ್ತಿಲ್ಲದ ಹೆಸರು. ಯೂನಿಫಿಕೇಶನ್ (unification) ಲೈಬ್ರರಿಯಲ್ಲಿ ಇಂಥ ವೇರಿಯಬಲ್‌ಗಳಿಗೆ ಮೌಲ್ಯ ತುಂಬುವ ರೀಫೈ (reify) ಫಂಕ್ಷನ್‌ಗೆ ತೂಕ 50 ಎಂದು ಕೊಟ್ಟರೂ ಚೀಲ ಹಾಗೇ ವಾಪಸ್ ಬಂತು. ಎರರ್ ಕೂಡ ಇಲ್ಲ, ಅದೇ ಕಿರಿಕಿರಿ.

ಲಿಸ್ಟ್, ಟಪಲ್, ಡಿಕ್ಷನರಿಗಳೊಳಗೆ ರೀಫೈ ತಾನಾಗಿ ಇಳಿಯುತ್ತದೆ. ನಾವು ಬರೆದ ಕ್ಲಾಸ್ ಮಾತ್ರ ಅದಕ್ಕೆ ಮುಚ್ಚಿದ ಡಬ್ಬಿ. ಕ್ಲಾಸ್ ತಲೆಯ ಮೇಲೆ ಯೂನಿಫೈಯಬಲ್ (@unifiable) ಡೆಕೊರೇಟರ್ ಹಾಕಿದೆ, ಅಂದರೆ ಇದರೊಳಗೂ ಇಳಿಯಬಹುದು ಎಂದು ಲೈಬ್ರರಿಗೆ ಹೇಳುವ ಗುರುತು; ತೂಕ ತುಂಬಿತು. ಆಬ್ಜೆಕ್ಟ್‌ನ ಆಟ್ರಿಬ್ಯೂಟ್‌ಗಳ ಡಿಕ್ಷನರಿಯಲ್ಲಿ ಮೌಲ್ಯ ಹಾಕಿ ರೀಫೈ ಹೊಸ ಆಬ್ಜೆಕ್ಟನ್ನೇ ಕೊಡುತ್ತದೆ, ಹಳೆಯದು ಬದಲಾಗದು. ಹಾಗಾಗಿ ಫಲಿತಾಂಶವನ್ನು ಬೇರೆ ಹೆಸರಲ್ಲಿ ಹಿಡಿದಿಡಿ.

ಪೆಟ್ಟು ತಿನ್ನಿಸುವುದು ಇನ್ನೊಂದು: ಹೊಸದನ್ನು ಕಟ್ಟುವಾಗ ಇನಿಟ್ (__init__, ಸಾಮಾನ್ಯವಾಗಿ ಆಬ್ಜೆಕ್ಟ್ ಮಾಡುವಾಗ ಓಡುವ ಫಂಕ್ಷನ್) ಓಡುವುದಿಲ್ಲ. ಅಲ್ಲಿ ಖಾಲಿ ಬಿಟ್ಟಿದ್ದ ಒಟ್ಟು ಮೊತ್ತ ಖಾಲಿಯಾಗಿಯೇ ಉಳಿಯಿತು. ಅದನ್ನು ಪ್ರಾಪರ್ಟಿ ಮಾಡಿದೆ. ಈಗ ಕೇಳಿದಾಗಲೇ ತೂಕ, ದರ ಗುಣಿಸುತ್ತದೆ.