ಹಿಮ್ಮಡಿಗೆ ಬಾಯಿ ಹಾಕುವ ನಾಯಿ: ಪಾಠ ಶುರು ಎಲ್ಲಿಂದ?

ಬಾರ್ಡರ್ ಕಾಲಿ, ಜರ್ಮನ್ ಶೆಫರ್ಡ್, ಕಾರ್ಗಿ, ಆಸ್ಟ್ರೇಲಿಯನ್ ಶೆಫರ್ಡ್. ಕುರಿ, ದನ ಅಟ್ಟುವ ಈ ಜಾತಿಗಳ ಮರಿ ತಂದ ಮನೆಗಳಲ್ಲಿ ಸ್ವಲ್ಪ ದಿನಕ್ಕೇ ಒಂದು ದೂರು ಹುಟ್ಟಿಕೊಳ್ಳುತ್ತದೆ. ಮಗು ಓಡಿದರೆ ಹಿಂದೆ ಓಡಿ ಹಿಮ್ಮಡಿಗೆ ಬಾಯಿ ಹಾಕುತ್ತೆ. ಕಸ ಗುಡಿಸಲು ಬಿಡಲ್ಲ, ಪೊರಕೆ ಹಿಡಿಯುತ್ತೆ. ಒಂದು ಸಂಜೆ ಅಪಾರ್ಟ್‌ಮೆಂಟಿನ ಕೆಳಗೆ ಸೈಕಲ್ ತುಳಿಯುತ್ತಿದ್ದ ಹುಡುಗನ ಪ್ಯಾಂಟು ಹರಿಯುತ್ತೆ, ಅವತ್ತು ರಾತ್ರಿ ಅಸೋಸಿಯೇಷನ್ನಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಗಲಾಟೆ.

ಆಗ ಮನೆಯವರು ಏನು ಮಾಡುತ್ತಾರೆ? ಕಚ್ಚಿದ ಮೇಲೆ ಬೈಯುತ್ತಾರೆ, ಮೂತಿಗೆ ಒಂದು ಏಟು ಹಾಕುತ್ತಾರೆ. ಇದನ್ನು ನೋಡಿ ನೋಡಿ ಸಾಕಾಗಿಯೇ ಈ ಲೇಖನ ಬರೆಯುತ್ತಿದ್ದೇನೆ. ಕಚ್ಚಿ ಆದ ಮೇಲೆ ನಾಯಿಗೆ ಕಲಿಸಲು ಏನೂ ಉಳಿದಿರುವುದಿಲ್ಲ. ಕಲಿಸಬೇಕಾದ ಹೊತ್ತು ಅದಕ್ಕೂ ಎರಡು ಮೂರು ಸೆಕೆಂಡು ಮೊದಲೇ ಬಂದು ಹೋಗಿರುತ್ತದೆ.

ಯಾಕೆ ಹೀಗೆ?

ತೋಳ ಬೇಟೆಗೆ ಇಳಿದಾಗ ಮೊದಲು ದಿಟ್ಟಿಸುತ್ತದೆ, ಹೊಂಚುತ್ತದೆ, ಆಮೇಲೆ ಅಟ್ಟಿಸಿಕೊಂಡು ಹೋಗಿ ಕಚ್ಚಿ ಹಿಡಿದು ಕೊಲ್ಲುತ್ತದೆ. ಕುರಿ, ದನ ಅಟ್ಟುವ ನಾಯಿಗಳಲ್ಲಿ ಜನ ತಲೆಮಾರುಗಟ್ಟಲೆ ಈ ಸಾಲಿನ ಮುಂಭಾಗವನ್ನು ಬೆಳೆಸಿ, ಕೊನೆಯದನ್ನು ಕುಗ್ಗಿಸುತ್ತಾ ಬಂದರು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಗಡಿಯ ಬಾರ್ಡರ್ ಕಾಲಿಗೆ ಕಣ್ಣೇ ಆಯುಧ. 1893ರಲ್ಲಿ ನಾರ್ತಂಬರ್ಲೆಂಡ್‌ನಲ್ಲಿ ಹುಟ್ಟಿದ ಓಲ್ಡ್ ಹೆಂಪ್ ಎಂಬ ನಾಯಿ ಬೊಗಳದೆ, ಬರೀ ದಿಟ್ಟಿಸಿಯೇ ಕುರಿ ತಿರುಗಿಸುತ್ತಿತ್ತಂತೆ. ಇವತ್ತಿನ ಬಾರ್ಡರ್ ಕಾಲಿಗಳ ವಂಶ ಶುರುವಾಗುವುದು ಅಲ್ಲಿಂದ. ವೇಲ್ಸ್‌ನ ಕಾರ್ಗಿ ಮತ್ತು ಆಸ್ಟ್ರೇಲಿಯನ್ ಕ್ಯಾಟಲ್ ಡಾಗ್ ಕಥೆ ಬೇರೆ. ಅವಕ್ಕೆ ಕೊಟ್ಟ ಕೆಲಸವೇ ದನದ ಹಿಂಗಾಲಿಗೆ ಬಾಯಿ ಹಾಕಿ ಮುಂದಕ್ಕೆ ಓಡಿಸುವುದು. ಜರ್ಮನ್ ಶೆಫರ್ಡ್ ಹೊಲದ ಅಂಚಿನಲ್ಲಿ ಅತ್ತಿಂದಿತ್ತ ಓಡುತ್ತಾ, ಕುರಿ ಬೆಳೆಗೆ ಇಳಿಯದಂತೆ ತಡೆಯುತ್ತಿತ್ತು. ಗೆರೆ ದಾಟಿದ ಕುರಿಗೆ ಹಲ್ಲು ತಾಗುತ್ತಿತ್ತು.

‘ನಮ್ಮೂರ ನಾಯಿ ಯಾವತ್ತೂ ಹೀಗೆ ಮಾಡಿಲ್ಲಪ್ಪಾ’ ಅನ್ನುತ್ತಾರೆ ಮನೆಯ ಹಿರಿಯರು. ನಿಜವೇ. ನಮ್ಮ ಕುರುಬರ ಹಟ್ಟಿಯ ನಾಯಿ ಇರುವುದು ತೋಳದಿಂದ ಕುರಿ ಕಾಯಲು. ಕುರಿ ಅಟ್ಟುವುದು ಕುರಿಗಾಹಿಯ ಕೋಲು ಮತ್ತು ಕೂಗು. ಮುಧೋಳದ್ದು ಬೇಟೆ ನಾಯಿ. ಹಾಗಾಗಿ ಅವನ್ನು ಸಾಕಿದ ಅನುಭವ ಇಲ್ಲಿ ಜಾಸ್ತಿ ಉಪಯೋಗಕ್ಕೆ ಬರುವುದಿಲ್ಲ.

ಹೆಜ್ಜೆ 1: ಇದು ಅದೇನಾ?

ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಮರಿ (ಸುಮಾರು ಆರೇಳು ತಿಂಗಳವರೆಗೆ) ನೀವು ಸುಮ್ನೆ ಕೂತಿದ್ದರೂ ಕೈ ಅಗಿಯುತ್ತದೆ. ಅಟ್ಟುವ ನಾಯಿ ಬಾಯಿ ಹಾಕುವುದು ಚಲಿಸುವುದಕ್ಕೆ ಮಾತ್ರ. ತಟ್ಟೆಯ ಹತ್ತಿರ ಹೋದರೆ ಗುರ್ ಅನ್ನುವುದು, ಮೈ ಸೆಟೆದು ಹಲ್ಲು ತೋರಿಸುವುದು ಬೇರೆಯೇ ಸಮಸ್ಯೆ. ಅದಕ್ಕೆ ಅನುಭವಸ್ಥ ತರಬೇತುದಾರರೇ ಬೇಕು. ದೊಡ್ಡ ನಾಯಿ ಇದ್ದಕ್ಕಿದ್ದಂತೆ ಶುರು ಮಾಡಿದ್ದರೆ ಮೊದಲು ಪಶುವೈದ್ಯರು. ಕಿವಿಯೋ ಸೊಂಟವೋ ನೋಯುತ್ತಿರಬಹುದು.

ಹೆಜ್ಜೆ 2: ಓಡಬೇಡಿ, ಕಿರುಚಬೇಡಿ

ಓಟವೂ ಕಿರುಚಾಟವೂ ಅದಕ್ಕೆ ಬಹುಮಾನ. ಮಕ್ಕಳಿಗೆ ಕೈಕಟ್ಟಿ ಮರದ ಹಾಗೆ ನಿಲ್ಲುವ ಆಟ ಕಲಿಸಿ. ಮನೆಯೊಳಗೂ ಕುತ್ತಿಗೆ ಪಟ್ಟಿಗೆ ಆರಡಿಯ ಹಗುರ ಹಗ್ಗ ಇರಲಿ, ತುದಿಯಲ್ಲಿ ಗಂಟು ಬೇಡ, ಕುರ್ಚಿ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ನೀವು ಮನೆಯಲ್ಲಿಲ್ಲದಾಗ ಅದನ್ನು ಬಿಚ್ಚಿಡಿ.

ಹೆಜ್ಜೆ 3: ನೋಟ ಹಿಡಿಯುವುದು

ಎಲ್ಲರೂ ಎಡವುವುದು ಇಲ್ಲೇ.

ನಿಮ್ಮ ನಾಯಿಯನ್ನು ಒಂದು ಸಂಜೆ ಸುಮ್ನೆ ಗಮನಿಸಿ. ಏದುಸಿರು ಬಿಡುತ್ತಾ ನಾಲಿಗೆ ಚಾಚಿ ನಿಂತಿರುತ್ತದೆ. ದೂರದಲ್ಲಿ ಸೈಕಲ್ ಕಾಣಿಸುತ್ತದೆ. ತಟ್ಟನೆ ಬಾಯಿ ಮುಚ್ಚುತ್ತದೆ. ತಲೆ ಬೆನ್ನಿನ ಮಟ್ಟಕ್ಕೆ ಇಳಿಯುತ್ತದೆ. ಬಾಲ ಕೆಳಗೆ ಬರುತ್ತದೆ. ಒಂದು ಮುಂಗಾಲು ಎತ್ತಿದ್ದು ಹಾಗೇ ನಿಲ್ಲುತ್ತದೆ. ಹೆಸರು ಕೂಗಿದರೆ ಕಿವಿಯೂ ಅಲುಗುವುದಿಲ್ಲ. ಇಷ್ಟು ಆಯಿತು ಅಂದರೆ ನೀವು ತಡ ಮಾಡಿದಿರಿ ಅಂತಲೇ ಅರ್ಥ. ನಿಮಗೆ ಬೇಕಾದ್ದು ಮೊದಲ ಗುರುತು: ಬಾಯಿ ಮುಚ್ಚಿದ ಗಳಿಗೆ. ಕಾರ್ಗಿ, ಶೆಫರ್ಡ್ ಇಷ್ಟು ಬಗ್ಗಿ ಹೊಂಚುವುದಿಲ್ಲ. ಕುಂಯ್‌ಗುಡುತ್ತವೆ, ಬೊಗಳುತ್ತವೆ, ಸುತ್ತು ಹಾಕಲು ಶುರು ಮಾಡುತ್ತವೆ. ಅವುಗಳಲ್ಲಿ ಆ ಮೊದಲ ಕುಂಯ್ ಹಿಡಿಯಿರಿ.

ಈಗ ಅಭ್ಯಾಸ. ಗೊತ್ತಿರುವವರೊಬ್ಬರನ್ನು ನಲವತ್ತು ಅಡಿ ದೂರದಲ್ಲಿ ನಿಧಾನವಾಗಿ ನಡೆಯಲು ಹೇಳಿ. ನಾಯಿ ನಿಮ್ಮ ಪಕ್ಕದಲ್ಲಿರಲಿ, ಹಗ್ಗ ಸಡಿಲವಾಗಿ ಜೋತಿರಲಿ. ಬಿಗಿ ಹಿಡಿದರೆ ಅದರ ಮೈಯೂ ಬಿಗಿಯುತ್ತದೆ. ನಾಯಿ ಆ ಕಡೆ ನೋಡಿದ ಕೂಡಲೇ ‘ಹಾಂ’ ಅನ್ನಿ, ಮೂಗಿನ ಹತ್ತಿರ ತಿಂಡಿ ತಂದು ನಿಮ್ಮ ಕಡೆ ತಿರುಗಿಸಿ, ಕೊಡಿ. ನೋಡಿತು, ‘ಹಾಂ’, ತಿಂಡಿ. ಈ ಕ್ರಮ ತಪ್ಪಬಾರದು. ನಾಯಿ ನುಗ್ಗಿದ ಮೇಲೆ ತಿಂಡಿ ತೋರಿಸುವವರೇ ಜಾಸ್ತಿ. ಅದು ಪಾಠವಲ್ಲ, ಲಂಚ.

ಸ್ವಲ್ಪ ದಿನಕ್ಕೆ ನಾಯಿ ಆ ವ್ಯಕ್ತಿಯನ್ನು ನೋಡಿ, ನೀವು ಬಾಯಿ ಬಿಡುವ ಮೊದಲೇ ತಾನಾಗಿ ನಿಮ್ಮ ಕಡೆ ತಿರುಗುತ್ತದೆ. ಅಲ್ಲಿಯವರೆಗೆ ದೂರ ಕಡಿಮೆ ಮಾಡಬೇಡಿ. ಆಮೇಲೆ ಎರಡೆರಡೇ ಹೆಜ್ಜೆ ಹತ್ತಿರ. ಹತ್ತಿರ ಬಂದದ್ದು ಸಲೀಸಾದ ಮೇಲೆ ಮತ್ತೆ ದೂರಕ್ಕೆ ಹೋಗಿ ವೇಗ ಬದಲಿಸಿ: ಬಿರುನಡಿಗೆ, ಓಟ, ಕೊನೆಗೆ ಸೈಕಲ್. ದೂರ, ವೇಗ ಎರಡನ್ನೂ ಒಟ್ಟಿಗೆ ಬದಲಿಸಿದರೆ ಕೆಟ್ಟಿತು. ನುಗ್ಗಿದರೆ ಬೈಯಬೇಡಿ, ಹತ್ತಡಿ ಹಿಂದೆ ಹೋಗಿ. ಒಂದು ಸಲಕ್ಕೆ ಐದು ನಿಮಿಷ ಸಾಕು.

ತಿಂಡಿ ಅಂದರೆ ಬೇಯಿಸಿದ ಚಿಕನ್, ಕಡಲೆಬೀಜದಷ್ಟು ಚೂರು, ಉಪ್ಪು ಮಸಾಲೆ ಇಲ್ಲದೆ. ಸಸ್ಯಾಹಾರಿ ಮನೆಯಾದರೆ ಪನೀರ್. ಬಿಸ್ಕತ್ತು ಬೇಡವೇ ಬೇಡ. ಓಡುವ ಸೈಕಲ್ಲಿನ ಎದುರು ಬಿಸ್ಕತ್ತಿಗೆ ಯಾವ ಬೆಲೆ?

ಹೆಜ್ಜೆ 4: ಎರಡು ಮಾತು

‘ಮಲಗು’ ಮತ್ತು ‘ಸಾಕು, ಬಾ’. ಕುರಿ ಕಾಯುವವರೂ ತಮ್ಮ ನಾಯಿಗಳಿಗೆ ಮೊದಲು ಕಲಿಸುವುದು ನಿಲ್ಲುವುದನ್ನೇ. ಮನೆಯೊಳಗೆ, ಊಟಕ್ಕೆ ಮುಂಚೆ, ದಿನಾ ಮಾಡಿಸಿ.

ಹೆಜ್ಜೆ 5: ಕೆಲಸ ಕೊಡಿ, ನಿದ್ದೆಯನ್ನೂ ಕೊಡಿ

ಗಂಟೆಗಟ್ಟಲೆ ಚೆಂಡು ಎಸೆದರೆ ಸುಸ್ತಾಗಿ ಸುಮ್ಮನಿರುತ್ತೆ ಅನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಮೈಯ ತಾಕತ್ತು ಬೆಳೆಯುತ್ತದೆ, ಹುಚ್ಚು ಹಾಗೇ ಉಳಿಯುತ್ತದೆ. ಅದರ ಬದಲು ತಿಂಡಿ ಬಚ್ಚಿಟ್ಟು ವಾಸನೆ ಹಿಡಿಸಿ. ಕೋಲಿನ ತುದಿಗೆ ಹಗ್ಗ, ಬಟ್ಟೆ ಕಟ್ಟಿ ಅಟ್ಟಿಸಿ. ಆದರೆ ‘ಮಲಗು’ ಅಂದರೆ ನಿಲ್ಲಬೇಕು, ಆಮೇಲಷ್ಟೇ ಮತ್ತೆ ಆಟ. ಜಾಗವಿದ್ದರೆ ವ್ಯಾಯಾಮದ ದೊಡ್ಡ ಚೆಂಡನ್ನು ಮೂತಿಯಿಂದ ತಳ್ಳಲು ಕಲಿಸಿ. ಜರ್ಮನಿಯಲ್ಲಿ ಶುರುವಾದ ಟ್ರೈಬಾಲ್ ಎಂಬ ಆಟವೇ ಇದು. ಲೇಸರ್ ದೀಪ ಮಾತ್ರ ತರಬೇಡಿ. ಈ ಜಾತಿಗಳಿಗೆ ನೆರಳು, ಬೆಳಕಿನ ಹಿಂದೆ ಬೀಳುವ ಚಟ ಬೇಗ ಹತ್ತುತ್ತದೆ, ಬಿಡಿಸುವುದು ಕಷ್ಟ.

ಸಂಜೆ ಏಳರ ಮೇಲೆ ಮರಿ ಹುಚ್ಚೆದ್ದು ಕಾಲು ಕಚ್ಚುತ್ತಿದ್ದರೆ ಎಷ್ಟೋ ಸಲ ಕಾರಣ ನಿದ್ದೆ ಸಾಲದೇ ಇರುವುದು. ಚಿಕ್ಕ ಮರಿಗೆ ದಿನಕ್ಕೆ 16ರಿಂದ 18 ಗಂಟೆ ನಿದ್ದೆ ಬೇಕು. ಟಿವಿ, ನೆಂಟರು, ಮಕ್ಕಳ ಮಧ್ಯೆ ಎಲ್ಲಿ ಸಿಗುತ್ತೆ ಹೇಳಿ? ಬೇರೆ ಕೋಣೆಯಲ್ಲಿ ಮಲಗಿಸಿ.

ದುಡ್ಡು ಎಲ್ಲಿ ಹಾಳು ಮಾಡಬಾರದು?

ಶಾಕ್ ಕಾಲರ್: ಮಗುವನ್ನು ನೋಡಿದಾಗ ನೋವಾಯಿತು ಅಂತ ನಾಯಿ ಲೆಕ್ಕ ಹಾಕಿದರೆ, ಆಟಕ್ಕೆ ಬಾಯಿ ಹಾಕುತ್ತಿದ್ದದ್ದು ಹೆದರಿಕೆಯಿಂದ ಕಚ್ಚತೊಡಗುತ್ತದೆ. ಕಹಿ ಸ್ಪ್ರೇ: ಸೋಫಾ ಕಾಲಿಗೆ ಆದೀತು, ಓಡುವ ಹುಡುಗನ ಕಾಲಿಗೆ ಹೊಡೆಯುವುದು ಹೇಗೆ? ಖಾರದಪುಡಿ ಸಲಹೆ ಕೊಡುವವರನ್ನು ನಾಯಿಯಿಂದ ದೂರವಿಡಿ. ಮರಿಯನ್ನು ಅಂಗಾತ ಕೆಡವಿ ‘ಯಜಮಾನ ಯಾರು ಅಂತ ತೋರಿಸಬೇಕು’ ಅನ್ನುವ ತರಬೇತುದಾರ ಸಿಕ್ಕರೆ ಅವತ್ತೇ ಲೆಕ್ಕ ಚುಕ್ತಾ ಮಾಡಿ ಕಳಿಸಿ.

ಹಲ್ಲು ತಾಗಿ ಚರ್ಮ ಗೀರಿದರೆ ಅದು ಸಣ್ಣ ವಿಷಯವಲ್ಲ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ‘ನಮ್ಮ ನಾಯಿಗೆ ಇಂಜೆಕ್ಷನ್ ಆಗಿದೆ’ ಅಂತ ಪಕ್ಕದ ಮನೆಯವರನ್ನು ಸಮಾಧಾನ ಮಾಡಿ ಕಳಿಸಬೇಡಿ. ಲಸಿಕೆಯ ಪುಸ್ತಕ ಹಿಡಿದು ಜೊತೆಗೆ ಹೋಗಿ. ಅರಿಸಿನ, ಸುಣ್ಣ, ಕಾಫಿಪುಡಿ ಯಾವುದೂ ಗಾಯಕ್ಕೆ ಬೇಡ.

ಮೂರನೇ ಹೆಜ್ಜೆ ಗಟ್ಟಿಯಾಗುವವರೆಗೆ ಸಂಜೆ ಐದರಿಂದ ಏಳು, ಮಕ್ಕಳು ಕೆಳಗೆ ಆಡುವ ಹೊತ್ತಿನಲ್ಲಿ ನಾಯಿಯನ್ನು ಕೆಳಗಿಳಿಸಬೇಡಿ. ಬೆಳಿಗ್ಗೆ ಐದೂವರೆಗೆ ಕರೆದುಕೊಂಡು ಹೋಗಿ. ಆರಕ್ಕೆ ಜಾಗಿಂಗ್‌ನವರು ಬರುತ್ತಾರೆ.