ಬಂದೋಬಸ್ತ್ ದಿನ ಪೊಲೀಸರ ಮನೆಯವರನ್ನೂ ವಿಚಾರಿಸಿ

ದಾವಣಗೆರೆಯ ಗೆಳೆಯರೇ, ದುಗ್ಗಮ್ಮನ ಜಾತ್ರೆಗೋ ಗಣಪತಿ ಮೆರವಣಿಗೆಗೋ ಹೋದಾಗ ಬಂದೋಬಸ್ತ್‌ನಲ್ಲಿರುವ ಪೊಲೀಸರಿಗೆ ಏನಾದರೂ ಮಾಡಬೇಕು ಅನ್ನಿಸುತ್ತದೆ ಅಲ್ವಾ? ಹಾರ, ಶಾಲು ಬೇಡ. ತಣ್ಣನೆಯ ಮಜ್ಜಿಗೆ ಅಥವಾ ಸೀಲ್ ಇರುವ ನೀರಿನ ಬಾಟಲಿ ಕೊಡಿ. ಮಹಿಳಾ ಸಿಬ್ಬಂದಿ ಇದ್ದರೆ, ನಮ್ಮ ಮನೆಯ ಬಾತ್‌ರೂಮ್ ಬಳಸಿ ಅಂತ ನೀವಾಗಿಯೇ ಹೇಳಿ. ಅವರು ಬಾಯಿಬಿಟ್ಟು ಕೇಳುವುದಿಲ್ಲ. ಹಣ ಮಾತ್ರ ಕೊಡಬೇಡಿ.

ಇದಕ್ಕಿಂತ ಮುಖ್ಯ ಅವರ ಮನೆಯವರು. ಊರಿಗೆಲ್ಲ ಹಬ್ಬ ಇದ್ದಾಗಲೇ ಅವರಿಗೆ ಡ್ಯೂಟಿ. ಮಗುವಿಗೆ ಜ್ವರ ಬಂದರೂ, ಅತ್ತೆಯನ್ನು ಆಸ್ಪತ್ರೆಗೆ ತೋರಿಸಬೇಕಾದರೂ ಹೆಂಡತಿ ಒಬ್ಬರೇ ಓಡಾಡಬೇಕು. "ಏನಾದ್ರೂ ಬೇಕಾದ್ರೆ ಹೇಳಿ ಅಕ್ಕಾ" ಅಂದರೆ ಯಾರೂ ಹೇಳುವುದಿಲ್ಲ. "ಸಂಜೆ ಟ್ಯೂಷನ್‌ನಿಂದ ನಿಮ್ಮ ಮಗನನ್ನೂ ನಾನೇ ಕರ್ಕೊಂಡು ಬರ್ತೀನಿ" ಅನ್ನಿ. ಹಬ್ಬದ ಹೋಳಿಗೆಯನ್ನು ಡಬ್ಬಿಗೆ ಹಾಕಿ ಕಳಿಸಿ, ಡ್ಯೂಟಿಗೆ ಹೋದವರ ಪಾಲನ್ನೂ ಸೇರಿಸಿ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗಿದ್ದರೆ ಬೆಲ್ ಒತ್ತಬೇಡಿ, ಮಕ್ಕಳಿಗೂ ಹೇಳಿ.

ಠಾಣೆಯಲ್ಲಿ ಯಾರಾದರೂ ತಾಳ್ಮೆಯಿಂದ ನೆರವಾದರೆ ಎಸ್‌ಪಿ ಕಚೇರಿಗೆ ನಾಲ್ಕು ಸಾಲಿನ ಪತ್ರ ಬರೆಯಿರಿ. ಹೆಸರು, ಠಾಣೆ, ದಿನಾಂಕ, ಮಾಡಿದ ಸಹಾಯ, ಇಷ್ಟು ಸಾಕು. ದೂರು ಬರೆಯುವವರೇ ಜಾಸ್ತಿ.

ಅಕ್ಟೋಬರ್ 21 ಪೊಲೀಸ್ ಹುತಾತ್ಮರ ದಿನ. 1959ರಲ್ಲಿ ಲಡಾಖ್‌ನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನಾ ಸೈನಿಕರ ಗುಂಡಿಗೆ ಬಲಿಯಾದ 10 ಪೊಲೀಸರ ನೆನಪಿನ ದಿನ ಅದು. ಏಪ್ರಿಲ್ 2 ನಮ್ಮ ರಾಜ್ಯದ ಪೊಲೀಸ್ ಧ್ವಜ ದಿನ. ಧ್ವಜ ಮಾರಿದ ಹಣ ಪೊಲೀಸರ ಮತ್ತು ಅವರ ಕುಟುಂಬದವರ ಕಲ್ಯಾಣಕ್ಕೆ ಹೋಗುತ್ತದೆ. ತಪ್ಪದೇ ಕೊಳ್ಳಿ.