ಪ್ರಶಸ್ತಿಪತ್ರಕ್ಕೆ ಬ್ಲ್ಯಾಕ್‌ಲೆಟರ್ ತಲೆಬರಹ ಜೋಡಿಸುವುದು ಹೇಗೆ?

ಕಾಲೇಜುಗಳ ವಾರ್ಷಿಕೋತ್ಸವ ಹತ್ತಿರ ಬಂತೆಂದರೆ ಡಿಟಿಪಿ ಅಂಗಡಿಗಳಲ್ಲಿ ಪ್ರಶಸ್ತಿಪತ್ರದ ಕೆಲಸ ಶುರು. ದಪ್ಪ ಕರಿ ಗೀಟಿನ, ಮೂಲೆಗಳು ಮುರಿದಂತಿರುವ ಇಂಗ್ಲಿಷ್ ಅಕ್ಷರ ಮೇಲೆ ಇರಲೇಬೇಕು. ಅದೇ ಬ್ಲ್ಯಾಕ್‌ಲೆಟರ್. ನಾನು ನೋಡಿದ ಹೆಚ್ಚಿನ ಪತ್ರಗಳಲ್ಲಿ ಅದನ್ನು ಓದಲು ತಿಣುಕಬೇಕು. ತಪ್ಪು ಅಕ್ಷರದ್ದಲ್ಲ, ಜೋಡಣೆಯದ್ದು.

ಫಾಂಟ್‌ಗೆ ತಲೆ ಕೆಡಿಸಿಕೊಳ್ಳಬೇಡಿ, ಓಲ್ಡ್ ಇಂಗ್ಲಿಷ್ ಟೆಕ್ಸ್ಟ್ ಸಾಕು. ಜರ್ಮನಿಯ ಫ್ರಾಕ್ಟೂರ್ ಶೈಲಿಯೂ ಚೆಂದವೇ, ಆದರೆ ಅದರ ದೊಡ್ಡ ‘ಎ’ ನಮ್ಮ ಕಣ್ಣಿಗೆ ‘ಯು’ ಥರ ಕಾಣುತ್ತದೆ, ಪ್ರಶಸ್ತಿಪತ್ರಕ್ಕೆ ಬೇಡ. ಎಲ್ಲಿಂದಲೋ ಬಿಟ್ಟಿ ಇಳಿಸಿಕೊಂಡ ಫಾಂಟ್ ಆದರೆ ಅಂಕಿಗಳಿವೆಯೇ ಎಂದು ಮೊದಲೇ ಟೈಪ್ ಮಾಡಿ ನೋಡಿ. ಎಷ್ಟೋ ಫಾಂಟ್‌ಗಳಲ್ಲಿ ಇಸವಿ ಹಾಕುವ ಜಾಗಕ್ಕೆ ಖಾಲಿ ಚೌಕ ಬರುತ್ತದೆ.

ಟೈಪ್ ಮಾಡುವಾಗ ಕ್ಯಾಪ್ಸ್ ಲಾಕ್ ಮುಟ್ಟಲೇಬೇಡಿ. ‘ಸರ್ಟಿಫಿಕೇಟ್’ನ ಮೊದಲಕ್ಷರ ಮಾತ್ರ ದೊಡ್ಡದು. ಬಳುಕು ಗೀಟುಗಳ ಆ ದೊಡ್ಡಕ್ಷರಗಳು ಪದದ ಮುಂದೆ ಒಂಟಿಯಾಗಿ ನಿಲ್ಲಲೆಂದೇ ಹುಟ್ಟಿದವು. ಹನ್ನೊಂದನ್ನು ಸಾಲಾಗಿ ನಿಲ್ಲಿಸಿದರೆ ಬಳ್ಳಿಗೆ ಬಳ್ಳಿ ಸಿಕ್ಕು ಬಿದ್ದಂತೆ.

ಇನ್ನು ಎಲ್ಲರೂ ಎಡವುವ ಜಾಗ: ಅಕ್ಷರಗಳ ನಡುವಿನ ಅಂತರ. ಓದಲು ಕಷ್ಟವೆಂದು ಅಕ್ಷರಗಳನ್ನು ಬಿಡಿಸಿ ಹಾಕುತ್ತಾರೆ. ಕೆಡುವುದೇ ಅಲ್ಲಿ. 1455ರ ಸುಮಾರಿಗೆ ಜರ್ಮನಿಯ ಮುದ್ರಕ ಗುಟೆನ್‌ಬರ್ಗ್ ಮೈನ್ಸ್ ಊರಿನಲ್ಲಿ ಪುಟಕ್ಕೆ 42 ಸಾಲಿನ ಬೈಬಲ್ ಅಚ್ಚು ಹಾಕಿದ್ದು ಇದೇ ಮನೆತನದ ಟೆಕ್ಸ್ಟೂರಾ ಅಚ್ಚುಮೊಳೆಗಳಲ್ಲಿ. ಟೆಕ್ಸ್ಟೂರಾ ಎಂದರೆ ಲ್ಯಾಟಿನ್‌ನಲ್ಲಿ ನೇಯ್ಗೆ, ಅಕ್ಷರಗಳೂ ನೇಯ್ದ ಬಟ್ಟೆಯಂತೆ ಒತ್ತಾಗಿರಬೇಕು. ಸಣ್ಣ ‘ಎನ್’ ಅನ್ನು ದೊಡ್ಡದು ಮಾಡಿ ನೋಡಿ: ಎರಡು ಕರಿ ಕಂಬ, ನಡುವೆ ಹೆಚ್ಚುಕಡಿಮೆ ಕಂಬದಷ್ಟೇ ಅಗಲದ ಬಿಳಿ. ಪಕ್ಕದ ಅಕ್ಷರಕ್ಕೂ ಅಷ್ಟೇ ಬಿಳಿ ಬಿಡಬೇಕು. ಹೆಚ್ಚಾದರೆ ಎಳೆ ಬಿಟ್ಟ ಬಟ್ಟೆ. ವಿನ್ಯಾಸದ ತಂತ್ರಾಂಶ ಕೋರಲ್‌ಡ್ರಾದಲ್ಲಿ ಪದ ಆರಿಸಿ ಶೇಪ್ ಟೂಲ್ ಒತ್ತಿದರೆ ಪ್ರತಿ ಅಕ್ಷರದ ಬುಡದಲ್ಲೂ ಪುಟ್ಟ ಚೌಕ ಮೂಡುತ್ತದೆ. ಅದನ್ನು ಹಿಡಿದು ಒಂದೊಂದೇ ಅಕ್ಷರ ಸರಿಸಿ. ದೊಡ್ಡಕ್ಷರಕ್ಕೂ ಅದರ ಮುಂದಿನ ಅಕ್ಷರಕ್ಕೂ ನಡುವೆ ಬಿರುಕು ಕಾಣುವುದೇ ಹೆಚ್ಚು, ಅಲ್ಲಿಂದಲೇ ಶುರು ಮಾಡಿ. ಆಮೇಲೆ ಕಣ್ಣು ಅರ್ಧ ಮುಚ್ಚಿ ನೋಡಿ. ಇಡೀ ಪದ ಒಂದೇ ಸಮನಾದ ಬೂದು ಪಟ್ಟಿಯಂತೆ ಕಂಡರೆ ಹದ ಬಂತು.

ಬಂಗಾರದ ಬಣ್ಣ, ನೆರಳು, ಔಟ್‌ಲೈನ್, ಕಮಾನಿನಂತೆ ಬಗ್ಗಿಸುವುದು ಯಾವುದೂ ಬೇಡ. ಕಪ್ಪು ಅಥವಾ ಕಡು ಕೆಂಪು, ಅಷ್ಟೇ. 36 ಪಾಯಿಂಟ್‌ಗಿಂತ ಕೆಳಗಿಳಿಯಬೇಡಿ. ವಿದ್ಯಾರ್ಥಿಯ ಹೆಸರು, ವಿವರ ಸಾದಾ ಫಾಂಟ್‌ನಲ್ಲಿರಲಿ.

ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಫಾಂಟ್ ಬೇಡದ ಬರೀ ಆಕಾರಗಳಿಗೆ, ಬದಲಿಸಿ ಪ್ರೆಸ್ಸಿಗೆ ಕಳಿಸಿ, ಅಲ್ಲಿ ನಿಮ್ಮ ಫಾಂಟ್ ಇಲ್ಲದಿರಬಹುದು. ಬದಲಿಸಿದ ಮೇಲೆ ಅಕ್ಷರ ತಿದ್ದಲಾಗದು, ಮೂಲ ಫೈಲ್ ಬೇರೆ ಇಟ್ಟುಕೊಳ್ಳಿ. ಅದಕ್ಕೂ ಮೊದಲು ಒಂದು ಪ್ರಿಂಟ್ ತೆಗೆದು, ಪತ್ರದಲ್ಲಿ ಏನಿದೆಯೆಂದು ತಿಳಿಯದವರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ಕಾಗುಣಿತದ ತಪ್ಪು ಈ ಅಕ್ಷರಗಳಲ್ಲಿ ಸುಲಭವಾಗಿ ಅಡಗುತ್ತದೆ. ಅವರು ಎಲ್ಲಿ ತಡವರಿಸಿದರೋ ಆ ಎರಡು ಅಕ್ಷರಗಳ ನಡುವೆ ಮತ್ತೊಮ್ಮೆ ಕೈಯಾಡಿಸಿ.